ಕಂಬಿ ಹಿಂದಿನ ಆಪರೇಷನ್: ಖರ್ಚು ಯಾರದು?

ಹಿಪ್ಪರಗಿ ಬ್ಯಾರೇಜ್ ದಾಟಿ ಸವದತ್ತಿ ಕಡೆ ಹೊರಟ ಜೋಗಪ್ಪಂದಿರನ್ನು ನೋಡಿದ್ದೀರಲ್ಲ? ತಲೆ ಮೇಲೆ ಎಲ್ಲಮ್ಮನ ಕೊಡ, ಹಣೆ ತುಂಬ ಭಂಡಾರ, ಕೈಯಲ್ಲಿ ಚೌಡಕಿ. ನಾವು ಕೈ ಮುಗಿತೀವಿ, ಜೋಳ ನೀಡ್ತೀವಿ. ಅವರೂ ಟ್ರಾನ್ಸ್‌ಜೆಂಡರ್ ಜನರೇ, ಆದರೂ ಅವರಲ್ಲಿ ಹೆಚ್ಚಿನವರು ಲಿಂಗ ಪರಿವರ್ತನೆಯ ಆಪರೇಷನ್ ಕೇಳೋದೇ ಇಲ್ಲ. ಆದರೆ ಜೈಲಿನಲ್ಲಿರೋ ಒಬ್ಬ ಟ್ರಾನ್ಸ್‌ಜೆಂಡರ್ ಕೈದಿ ಆ ಶಸ್ತ್ರಚಿಕಿತ್ಸೆ ಬೇಕು ಅಂದರೆ?

"ತಪ್ಪು ಮಾಡಿದವರಿಗೆ ನಮ್ಮ ತೆರಿಗೆ ದುಡ್ಡು ಯಾಕೆ?" ಅಂತ ಕಟ್ಟೆ ಮೇಲೆ ಕೂತವರು ಕೇಳ್ತಾರೆ. ಕೇಳಲಿ. ಆದರೆ ಕೈದಿಗೆ ಹರ್ನಿಯಾ ಆದರೂ ಆಪರೇಷನ್ ಮಾಡಿಸೋದು ಸರ್ಕಾರವೇ. ಬೀಗ ಹಾಕಿದವರೇ ನೋಡ್ಕೋಬೇಕು. ಒಳಗಿದ್ದವರು ದುಡಿದು, ಬೇಕಾದ ಡಾಕ್ಟರ ಹತ್ತಿರ ಹೋಗೋ ಹಾಗಿಲ್ಲ.

ಜೈಲಿಗೆ ಹೋದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ, ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿದೆ. ಅದೇ ಕೋರ್ಟಿನ 2014ರ ನಾಲ್ಸಾ ತೀರ್ಪಿನ ಪ್ರಕಾರ ತಮ್ಮ ಲಿಂಗ ಯಾವುದು ಅಂತ ಹೇಳೋ ಹಕ್ಕು ಅವರವರದೇ. ಇನ್ನು ಟ್ರಾನ್ಸ್‌ಜೆಂಡರ್ ಜನರ ಹಕ್ಕು ರಕ್ಷಣೆಯ 2019ರ ಕಾಯ್ದೆಯ 15ನೇ ಕಲಂ: ಟ್ರಾನ್ಸ್‌ಜೆಂಡರ್ ಜನರಿಗೆ ಈ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಅದಕ್ಕೆ ವಿಮೆ, ಇವಕ್ಕೆ ಸರ್ಕಾರ ವ್ಯವಸ್ಥೆ ಮಾಡಬೇಕು. ಕೈದಿಗಳನ್ನು ಬಿಟ್ಟು ಅನ್ನೋ ಮಾತು ಆ ಕಲಂನಲ್ಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 2017ರಲ್ಲೇ ಒಬ್ಬ ಕೈದಿಗೆ ಸರ್ಕಾರಿ ಖರ್ಚಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿತು.

ಈ ಶಸ್ತ್ರಚಿಕಿತ್ಸೆ ಬೇಕು ಅಂತ ವೈದ್ಯರು ಹೇಳಿದಮೇಲೆ ಸರ್ಕಾರ ಮಾಡಿಸಲೇಬೇಕು, ನನ್ನ ಮಾತು ಅದು. ಆದರೆ ಆಪರೇಷನ್‌ಗಿಂತ ಮೊದಲಿನ ಸಂಕಟ ಬೇರೆ ಇದೆ. ದಿನಾ ತಗೊಳ್ತಿದ್ದ ಹಾರ್ಮೋನ್ ಮಾತ್ರೆ ಜೈಲಿನ ಗೇಟಲ್ಲಿ ನಿಂತುಹೋದರೆ ದೇಹವೂ ಕುಸಿಯುತ್ತೆ, ಮನಸ್ಸೂ ಕುಸಿಯುತ್ತೆ. ಹಳೇ ಚೀಟಿ ಹಿಡಿದು ಜೈಲು ಡಾಕ್ಟರ ಮುಂದೆ ನಿಂತವರಿಗೆ ಆ ಮಾತ್ರೆ ಅವತ್ತೇ ಸಿಗಬೇಕು.