ಫೀಡ್‌ಗೆ ಬೆರೆಸಿದ್ದು ಬ್ರಾಯ್ಲರ್ ಮಾಂಸಕ್ಕೆ ಬರುತ್ತಾ?

ಕಂಪಲಾಪುರ ಅಂದ್ರೆ ತಂಬಾಕು ಹರಾಜು ನೆನಪಾಗುತ್ತೆ. ಆದರೆ ಈ ಕಡೆ ಕೋಳಿ ಶೆಡ್ ಹಾಕಿರೋ ಹುಡುಗರು ನನ್ನನ್ನು ಕೇಳೋದೇ ಬೇರೆ: ‘ಅಣ್ಣ, ಯಾವ ಪುಡಿ ಬೆರೆಸಿದ್ರೆ ಮಾಂಸದ ಪೋಷಕಾಂಶ ಹೆಚ್ಚುತ್ತೆ?’ ದುಡ್ಡು ಸುರಿಯೋ ಮೊದಲು ಏನು ಬದಲಾಗುತ್ತೆ, ಏನು ಬದಲಾಗಲ್ಲ ಅಂತ ತಿಳ್ಕೊಳ್ಳಿ.

ಬದಲಾಗದೇ ಇರೋದು: ಪ್ರೊಟೀನ್
ಚರ್ಮ ತೆಗೆದ 100 ಗ್ರಾಂ ಹಸಿ ಎದೆ ಮಾಂಸದಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇರುತ್ತೆ. ಫೀಡ್ ಚೆನ್ನಾಗಿದ್ದರೆ ಕೋಳಿ ಬೇಗ ತೂಕ ಬರುತ್ತೆ, ಆದರೆ ಈ ಪ್ರಮಾಣ ಹೆಚ್ಚೇನೂ ಏರಲ್ಲ.

ಬದಲಾಗೋದು: ಕೊಬ್ಬಿನ ಗುಣ
ಹಸುವಿಗಿರುವಂಥ ಮೆಲುಕು ಹಾಕುವ ಹೊಟ್ಟೆ ಕೋಳಿಗಿಲ್ಲ. ಹಾಗಾಗಿ ತಿಂದ ಕೊಬ್ಬಿನ ಗುಣ ಮಾಂಸಕ್ಕೂ ಬರುತ್ತೆ. ಮುಸುಕಿನ ಜೋಳ, ಸೋಯಾ ಹಿಂಡಿಯ ಫೀಡ್‌ನಲ್ಲಿ ಒಮೆಗಾ-6 ಜಾಸ್ತಿ. ಅಗಸೆ ಬೀಜ ಸೇರಿಸಿದರೆ ಒಮೆಗಾ-3 ಏರುತ್ತೆ, ಎದೆಗಿಂತ ಚರ್ಮ ಸಹಿತ ತೊಡೆಯಲ್ಲಿ ಹೆಚ್ಚು. (ಸೊಪ್ಪಿನ ಅಗಸೆ ಮರ ಅಲ್ಲ, ಎಣ್ಣೆ ಬೀಜದ ಅಗಸೆ.)

ಹೇಗೆ ಕೊಡಬೇಕು?
- ಎಳೆ ಮರಿಗಳಿಗೆ ಬೇಡ. ಕೊನೆಯ ಎರಡು ವಾರ ಸಾಕು.
- ಫೀಡ್‌ನ ಶೇ. 5ರಷ್ಟು, ಆಗಾಗ ಹೊಸದಾಗಿ ಪುಡಿ ಮಾಡಿ. ಶೇ. 10 ದಾಟಿದರೆ ಬೆಳವಣಿಗೆ ಕುಂಠಿತವಾಗಬಹುದು, ಮಾಂಸಕ್ಕೆ ಮೀನಿನ ವಾಸನೆಯೂ ಬರಬಹುದು.
- ಆ ಎರಡು ವಾರ ಕೋಳಿ ಸುಮಾರು 2 ಕೆ.ಜಿ. ತಿನ್ನುತ್ತೆ ಅಂದ್ಕೊಳ್ಳಿ. ತಲಾ 100 ಗ್ರಾಂ, ಸಾವಿರ ಕೋಳಿಗೆ 100 ಕೆ.ಜಿ. ಅಗಸೆ. ಅಂಗಡಿ ಬೆಲೆಯಿಂದ ಗುಣಿಸಿ ನೋಡಿ.

ಒಮೆಗಾ-3 ಕೊಬ್ಬು ಬೇಗ ಕಮಟು ಹಿಡಿಯುತ್ತೆ. ಜೊತೆಗೆ ವಿಟಮಿನ್ ಇ ಕೊಟ್ಟರೆ ಮಾಂಸ ಹೆಚ್ಚು ಹೊತ್ತು ಚೆನ್ನಾಗಿರುತ್ತೆ, ವಿಟಮಿನ್ ಕೂಡ ಸ್ವಲ್ಪ ಸೇರುತ್ತೆ. ಯೀಸ್ಟ್ ರೂಪದ ಸೆಲೆನಿಯಂ ಕೂಡ ಮಾಂಸಕ್ಕೆ ಇಳಿಯುತ್ತೆ. ಆದರೆ ಟನ್ ಫೀಡ್‌ಗೆ ಬೇಕಾದ ಸೆಲೆನಿಯಂ ಒಂದು ಗ್ರಾಂಗಿಂತ ಕಡಿಮೆ, ಹೆಚ್ಚಾದರೆ ವಿಷ. ಪಶುವೈದ್ಯರನ್ನು ಕೇಳದೆ ಕೈ ಹಾಕಬೇಡಿ.

ಬಣ್ಣಕ್ಕೆ ಮರುಳಾಗಬೇಡಿ
ಚೆಂಡುಹೂವಿನ ಪುಡಿಯಿಂದ ಚರ್ಮ ಹಳದಿಯಾಗುತ್ತೆ, ಅಷ್ಟಕ್ಕೇ ಪ್ರೊಟೀನ್ ಏರಲ್ಲ. ಲೇಬಲ್ ಇಲ್ಲದ ‘ಗ್ರೋತ್ ಪುಡಿ’ ಮುಟ್ಟಲೇಬೇಡಿ. ಅದರಲ್ಲಿ ಆಂಟಿಬಯೋಟಿಕ್ ಇದ್ದರೂ ಗೊತ್ತಾಗಲ್ಲ. ಮಾಂಸ, ಹಾಲಿನ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡೋದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಕಂಪನಿ ಗುತ್ತಿಗೆಯಲ್ಲಿ ಸಾಕೋರು ಅವರ ಫೀಡ್‌ಗೆ ಕೇಳದೆ ಏನನ್ನೂ ಬೆರೆಸಬೇಡಿ. ಹೆಚ್ಚುವರಿ ಖರ್ಚು ನಿಮ್ಮದು, ಅವರು ಕೊಡೋದು ತೂಕದ ಲೆಕ್ಕದಲ್ಲಿ. ಸ್ವಂತ ಕೋಳಿ ಸಾಕಿ ನೇರ ಮಾರೋರು ಮೊದಲು 50 ಕೋಳಿಗೆ ಕೊಟ್ಟು, ಮಾಂಸ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ವರದಿ ಕೈಗೆ ಬಂದ ಮೇಲೆ ‘ಒಮೆಗಾ ಕೋಳಿ’ ಬೋರ್ಡ್ ಹಾಕಿ.