ಆಟಕ್ಕೂ ಕಾರ್ಡಿಗೂ ನಡುವಿನ ದುಭಾಷಿ

ಸೂಪರ್‌ಟಕ್ಸ್‌ಕಾರ್ಟ್ ಎಂಬುದು ಲಿನಕ್ಸ್ ಬಳಸುವವರಲ್ಲಿ ಪ್ರಚಲಿತವಾಗಿರುವ, ಹಣ ಕೊಡಬೇಕಿಲ್ಲದ ಓಟದ ಆಟ. ಪೆಂಗ್ವಿನ್ ಮೊದಲಾದ ಪಾತ್ರಗಳು ಪುಟ್ಟ ಗಾಡಿಗಳನ್ನೇರಿ ಅದರಲ್ಲಿ ಸ್ಪರ್ಧಿಸುತ್ತವೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ಅದು ಸರಾಗವಾಗಿ ನಡೆಯಬೇಕು. ಆದರೆ ಕೆಲವು ಯಂತ್ರಗಳಲ್ಲಿ ಗಾಡಿ ಸೆಕೆಂಡಿಗೆ ನಾಲ್ಕೈದು ಚಿತ್ರಗಳ ಗತಿಯಲ್ಲಿ ಕುಂಟುತ್ತದೆ, ಒಳಗಿನ ಫ್ಯಾನು ಭೋರ್ಗರೆಯುತ್ತದೆ, ಇಲ್ಲವೇ ಪರದೆ ಕಪ್ಪಾಗಿ ನಿಂತುಬಿಡುತ್ತದೆ. ಆಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಕಾರ್ಡ್ ಕೆಟ್ಟಿತೆಂದು ಹೊಸ ಯಂತ್ರದ ಬೆಲೆ ವಿಚಾರಿಸುವುದು ಒಂದು; ಎಲ್ಲವನ್ನೂ ಅಳಿಸಿ ಲಿನಕ್ಸನ್ನು ಮೊದಲಿನಿಂದ ಸ್ಥಾಪಿಸುವುದು ಇನ್ನೊಂದು. ಎರಡನೆಯದರಿಂದ ಆಟದ ತೊಂದರೆ ಹೋದೀತೋ ಇಲ್ಲವೋ, ಅದೇ ಯಂತ್ರದಲ್ಲಿದ್ದ ಸೆಮಿನಾರ್ ಪ್ರಬಂಧವಂತೂ ಹೋಗುತ್ತದೆ.

ತೊಂದರೆ ಬಹುಮಟ್ಟಿಗೆ ಕಾರ್ಡಿನಲ್ಲಿಯೂ ಇರುವುದಿಲ್ಲ, ಆಟದಲ್ಲಿಯೂ ಇರುವುದಿಲ್ಲ. ಅವೆರಡರ ನಡುವೆ ನಿಂತಿರುವ ಡ್ರೈವರ್ ಎಂಬ ತಂತ್ರಾಂಶದಲ್ಲಿ ಇರುತ್ತದೆ. ಈ ಪದವನ್ನು ‘ಚಾಲಕ’ ಎಂದು ಕನ್ನಡಿಸುವ ರೂಢಿಯುಂಟು. ಅದು ಅಷ್ಟು ಸಮರ್ಪಕವಲ್ಲ. ಡ್ರೈವರ್ ಯಾವ ಗಾಡಿಯನ್ನೂ ನಡೆಸುವುದಿಲ್ಲ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯುವಂತೆ ಮಾಡುತ್ತದೆ. ಸೊಲ್ಲಾಪುರದ ಕಚೇರಿಯೊಂದರಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಗೂ ಮರಾಠಿ ಮಾತ್ರ ಬಲ್ಲ ಗುಮಾಸ್ತರಿಗೂ ನಡುವೆ ನಿಲ್ಲುವ ಮೊಮ್ಮಗನ ಕೆಲಸವೇ ಅದರ ಕೆಲಸ. ಆಟವು ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಸಾಮಾನ್ಯ ಭಾಷೆಯಲ್ಲಿ ‘ಇಲ್ಲೊಂದು ತ್ರಿಕೋನ ಬರೆ, ಅದಕ್ಕೆ ಈ ಬಣ್ಣ ತುಂಬು’ ಎನ್ನುತ್ತದೆ. ಪ್ರತಿ ಕಂಪನಿಯ ಕಾರ್ಡಿಗೂ ತನ್ನದೇ ಆದ ಆಡುಮಾತು. ಒಂದನ್ನು ಇನ್ನೊಂದಾಗಿಸುವವನು ದುಭಾಷಿ. ವಿಂಡೋಸ್‌ಗೆಂದು ಬರೆದ ಆಟವನ್ನು ಪ್ರೋಟಾನ್ ಮೂಲಕ ಲಿನಕ್ಸಿನಲ್ಲಿ ಆಡುವಾಗ ದುಭಾಷಿಗಳು ಹೆಚ್ಚುತ್ತಾರೆ: ಡೈರೆಕ್ಟ್‌ತ್ರೀಡಿಯ ಮಾತು ಮೊದಲು ವಲ್ಕನ್‌ಗೆ ಬರುತ್ತದೆ, ಅಲ್ಲಿಂದ ಕಾರ್ಡಿನ ಮಾತಿಗೆ ಇಳಿಯುತ್ತದೆ.

ಇಂಟೆಲ್ ಮತ್ತು ಎಎಂಡಿ ಕಾರ್ಡುಗಳ ದುಭಾಷಿಗಳು ಲಿನಕ್ಸಿನ ಮನೆಯವರೇ. ಅವರ ಅರ್ಧ ಕೆಲಸ ಕರ್ನೆಲ್ಲಿನಲ್ಲಿ ನಡೆದರೆ, ಉಳಿದರ್ಧ ಬ್ರಯಾನ್ ಪಾಲ್ 1993ರಲ್ಲಿ ಆರಂಭಿಸಿದ ಮೆಸಾ ಎಂಬ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತದೆ. ಎನ್‌ವಿಡಿಯಾದ ಕಥೆ ಬೇರೆ. ಅದರ ಕಾರ್ಡಿನ ಆಡುಮಾತಿಗೆ ಬಹುಕಾಲ ಪ್ರಕಟಿತ ವ್ಯಾಕರಣವೇ ಇರಲಿಲ್ಲ. ಕಾರ್ಡಿನ ವರ್ತನೆಯನ್ನು ಹೊರಗಿನಿಂದ ಗಮನಿಸುತ್ತ, ಅರಿಯದ ಲಿಪಿಯ ಶಾಸನವನ್ನು ಅಕ್ಷರಕ್ಷರವಾಗಿ ಬಿಡಿಸಿದಂತೆ ಬಿಡಿಸಿ, ಉತ್ಸಾಹಿಗಳು ನೂವೋ ಎಂಬ ಮುಕ್ತ ಡ್ರೈವರನ್ನು ರಚಿಸಿದರು. 2010ರಲ್ಲಿ ಹೊರಬಂದ 2.6.33 ಕರ್ನೆಲ್ಲಿನಲ್ಲಿ ಅದಕ್ಕೆ ಸ್ಥಾನ ದೊರೆಯಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಈ ಕಂಪನಿಯ ಬಗೆಗೆ ಕೇಳಿದ ಪ್ರಶ್ನೆಗೆ ಲಿನಸ್ ಟೋರ್ವಾಲ್ಡ್ಸ್ ಕೊಟ್ಟ ಉತ್ತರ ಇಲ್ಲಿ ಅಚ್ಚಿಸುವಂಥದಲ್ಲ. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ಮುಕ್ತಗೊಳಿಸಿತು.

ಆಟ ಕುಂಟಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಈಗ ಚಿತ್ರ ಬರೆಯುತ್ತಿರುವವರು ಯಾರು? ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರ ಕೊಡುವ ಅಬೌಟ್ ಪುಟದ ಗ್ರಾಫಿಕ್ಸ್ ಸಾಲಿನಲ್ಲಿ ಉತ್ತರ ಸಿಗುತ್ತದೆ. ಅಲ್ಲಿ ಇಂಟೆಲ್, ಎಎಂಡಿ, ಎನ್‌ವಿಡಿಯಾ ಎಂಬ ಹೆಸರಿದ್ದರೆ ದುಭಾಷಿ ಕೆಲಸದ ಮೇಲಿದ್ದಾನೆ. ‘ಎಲ್‌ಎಲ್‌ವಿಎಂಪೈಪ್’ ಅಥವಾ ‘ಸಾಫ್ಟ್‌ವೇರ್ ರೆಂಡರಿಂಗ್’ ಎಂದಿದ್ದರೆ ಅವನು ಬಂದೇ ಇಲ್ಲ. ಕಾರ್ಡಿನ ಕೆಲಸವನ್ನೆಲ್ಲ ಯಂತ್ರದ ಮುಖ್ಯ ಪ್ರೊಸೆಸರ್ ಏದುಸಿರು ಬಿಡುತ್ತ ತಾನೇ ಮಾಡುತ್ತಿದೆ. ಫ್ಯಾನಿನ ಭೋರ್ಗರೆತಕ್ಕೆ ಕಾರಣ ಇದೇ. ಕಾರ್ಡ್ ಸುಮ್ಮನೆ ಕುಳಿತಿದೆ, ಕೆಟ್ಟಿಲ್ಲ.

ದುಭಾಷಿ ಏಕೆ ಬರಲಿಲ್ಲ? ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದೇ ಒಂದು ಪದ ಕಾರಣವಾಗಿರುವುದುಂಟು. ಲಿನಕ್ಸ್ ಸ್ಥಾಪಿಸುವಾಗ ಪರದೆ ಕಪ್ಪಾದರೆ ‘ಸೇಫ್ ಗ್ರಾಫಿಕ್ಸ್’ ಆಯ್ದುಕೊಳ್ಳುವುದು ವಾಡಿಕೆ. ಅದು ಕರ್ನೆಲ್ಲಿಗೆ ‘ನೋಮೋಡ್‌ಸೆಟ್’ ಎಂಬ ಸೂಚನೆ ಕೊಟ್ಟು ಕಾರ್ಡಿನ ಗೊಡವೆಗೆ ಹೋಗದಂತೆ ತಡೆಯುತ್ತದೆ. ತಾತ್ಕಾಲಿಕವಾದ ಈ ಪದ ಗ್ರಬ್ ಕಡತದಲ್ಲಿ ಹಾಗೆಯೇ ಉಳಿದುಬಿಟ್ಟರೆ ಡ್ರೈವರಿಗೆ ನಿತ್ಯವೂ ಬಾಗಿಲು ಮುಚ್ಚಿರುತ್ತದೆ. ಅದನ್ನು ತೆಗೆದು, ಗ್ರಬ್ಬನ್ನು ನವೀಕರಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಸಾಕು.

ಎನ್‌ವಿಡಿಯಾ ಯಂತ್ರಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಸೆಕ್ಯೂರ್ ಬೂಟ್. ಈ ವ್ಯವಸ್ಥೆ ಚಾಲ್ತಿಯಲ್ಲಿದ್ದಾಗ ಸಹಿಯಿಲ್ಲದ ಯಾವ ತಂತ್ರಾಂಶವನ್ನೂ ಕರ್ನೆಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಯಂತ್ರದಲ್ಲಿಯೇ ಕಟ್ಟಲ್ಪಡುವ ಡ್ರೈವರಿಗೆ ಸಹಿ ಹಾಕಲು ಉಬುಂಟು ಒಂದು ಹೊಸ ಕೀಲಿಯನ್ನು ಸೃಷ್ಟಿಸುತ್ತದೆ, ಮತ್ತು ಅದಕ್ಕೊಂದು ಪಾಸ್‌ವರ್ಡ್ ಕೇಳುತ್ತದೆ. ವಿದ್ಯಾರ್ಥಿ ಏನೋ ಒಂದನ್ನು ಬರೆದು ಮುಂದುವರಿಯುತ್ತಾನೆ. ಯಂತ್ರ ಮರಳಿ ಚಾಲೂ ಆಗುವಾಗ ನೀಲಿ ಪರದೆಯೊಂದು ಮೂಡಿ, ‘ಯಾವುದಾದರೂ ಗುಂಡಿ ಒತ್ತಿ’ ಎಂದು ಹತ್ತು ಸೆಕೆಂಡು ಕಾಯುತ್ತದೆ. ಆ ಹೊತ್ತಿನಲ್ಲಿ ಅವನು ಚಹಾಕ್ಕೆ ಎದ್ದಿದ್ದರೆ ಅವಕಾಶ ತಪ್ಪಿಹೋಯಿತು. ಎದುರಿಗೇ ಇದ್ದರೂ ಗಾಬರಿಯಿಂದ ‘ಕಂಟಿನ್ಯೂ ಬೂಟ್’ ಒತ್ತಿದರೆ ಫಲ ಅದೇ. ಒತ್ತಬೇಕಾದದ್ದು ‘ಎನ್ರೋಲ್ ಎಂಓಕೆ’; ಆಮೇಲೆ ಮೊದಲು ಬರೆದ ಪಾಸ್‌ವರ್ಡನ್ನೇ ಮತ್ತೆ ಕೊಡಬೇಕು. ಇದು ತಪ್ಪಿದಾಗ ಡ್ರೈವರ್ ಸ್ಥಾಪಿತವಾದಂತೆ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಕರ್ನೆಲ್ ಅದನ್ನು ಹೊರಗೇ ನಿಲ್ಲಿಸಿರುತ್ತದೆ. ‘ಬೇಕಾದ ಕೀಲಿ ಲಭ್ಯವಿಲ್ಲ’ ಎಂಬರ್ಥದ ಇಂಗ್ಲಿಷ್ ಸಂದೇಶ ಬರುವುದು ಇದಕ್ಕಾಗಿ. ಇಲ್ಲಿ ಕೀಲಿಯೆಂದರೆ ಸಹಿಯನ್ನು ತಾಳೆ ನೋಡುವ ಸಂಖ್ಯೆ. ಕೀಲಿಮಣೆಯನ್ನು ಬದಲಿಸಿ ಪ್ರಯೋಜನವಿಲ್ಲ. ಪರಿಹಾರವೆಂದರೆ ಕೀಲಿಯ ನೋಂದಣಿಯನ್ನು ಮತ್ತೊಮ್ಮೆ ಆರಂಭಿಸಿ, ಈ ಸಲ ನೀಲಿ ಪರದೆಯ ಎದುರಿನಿಂದ ಏಳದಿರುವುದು. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟನ್ನೇ ಆರಿಸುವ ಸುಲಭೋಪಾಯವೂ ಉಂಟು. ಆದರೆ ಅದೇ ಯಂತ್ರದಲ್ಲಿ ಬಿಟ್‌ಲಾಕರ್ ಹಾಕಿದ ವಿಂಡೋಸ್ ಇದ್ದರೆ ಅದು ಮರುದಿನ 48 ಅಂಕಿಗಳ ಸಂಖ್ಯೆ ಕೇಳಿ ಕೂರಬಹುದು. ಆ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡವರು ವಿರಳ.

ಎರಡು ಕಾರ್ಡುಗಳ ಲ್ಯಾಪ್‌ಟಾಪಿನಲ್ಲಿ ಆಟ ದುರ್ಬಲ ಕಾರ್ಡನ್ನೇ ಹಿಡಿದು ಕೂತಿರಬಹುದು. ಆಟದ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿದರೆ ಪ್ರತ್ಯೇಕ ಕಾರ್ಡಿನಿಂದ ಆರಂಭಿಸುವ ಆಯ್ಕೆ ಕಾಣುತ್ತದೆ.

ನಿನ್ನೆ ನಡೆದ ಆಟ ಇಂದು ನಡೆಯದಿದ್ದರೆ ನಡುವೆ ಏನು ಬದಲಾಯಿತೆಂದು ನೋಡಬೇಕು. ಬಹಳ ಸಲ ರಾತ್ರಿ ಕರ್ನೆಲ್ ನವೀಕರಣವಾಗಿರುತ್ತದೆ. ಗ್ರಬ್ ಪಟ್ಟಿಯ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನೆಲ್ ಇರುತ್ತದೆ. ಅದರಲ್ಲಿ ಆಟ ನಡೆದರೆ ದೋಷ ಹೊಸ ಪ್ರತಿಯಲ್ಲಿ ಹೊಕ್ಕಿದ್ದು ಎಂದು ತಿಳಿಯಿತು. ಗ್ರಂಥಸಂಪಾದನೆ ಓದಿದವರಿಗೆ ಈ ರೀತಿ ಹೊಸದಲ್ಲ: ಪ್ರತಿಗಳನ್ನು ಎದುರುಬದುರು ಇಟ್ಟು, ತಪ್ಪು ಯಾವ ಹಂತದಲ್ಲಿ ನುಸುಳಿತೆಂದು ಹುಡುಕುವುದು. ಒಂದೇ ಕಾಲಕ್ಕೆ ನಾಲ್ಕು ತಿದ್ದುಪಡಿ ಮಾಡಿದವನಿಗೆ ಯಾವುದರಿಂದ ಗುಣವಾಯಿತೆಂಬುದು ಗೊತ್ತಾಗುವುದಿಲ್ಲ. ಕಂಪನಿಯ ತಾಣದಿಂದ ಡ್ರೈವರಿನ ಕಡತವನ್ನು ನೇರವಾಗಿ ಇಳಿಸಿ ಹಾಕಿದವರಿಗೆ ಈ ಕಷ್ಟ ಪದೇಪದೇ ಬರುತ್ತದೆ. ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಮೂಲಕ ಹಾಕಿದ್ದು ಸಾಮಾನ್ಯವಾಗಿ ಹೊಸ ಕರ್ನೆಲ್ಲಿಗೆ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಎನ್‌ವಿಡಿಯಾದ ಹಳೆಯ ಕಾರ್ಡುಗಳಿಗೆ ಮಾತ್ರ ಹೊಸ ಡ್ರೈವರ್ ಒಗ್ಗುವುದಿಲ್ಲ. ಕೆಪ್ಲರ್ ಪೀಳಿಗೆಗೆ 470, ಅದಕ್ಕೂ ಹಿಂದಿನ ಫರ್ಮಿಗೆ 390ರ ಸರಣಿಯೇ ಕೊನೆಯದು. ಅವು ತೀರ ಹೊಸ ಕರ್ನೆಲ್ಲಿನೊಡನೆ ಹೊಂದದಿದ್ದಾಗ ನೂವೋ ಒಂದೇ ಗತಿ. ಆಟದ ಗ್ರಾಫಿಕ್ಸ್ ಮಟ್ಟವನ್ನು ತಗ್ಗಿಸಿಕೊಂಡು ಅದರಲ್ಲಿಯೇ ಓಡಿಸಿ ನೋಡಬಹುದು.