ಮೇಣದಬತ್ತಿಯ ಹದ

ಮೇಣದಬತ್ತಿಯು ತಾನು ಕರಗಿ ಲೋಕಕ್ಕೆ ಬೆಳಕನ್ನು ನೀಡುತ್ತದೆ ಎಂಬ ವಾಕ್ಯವನ್ನು ಮೂವತ್ತೈದು ವರ್ಷಗಳ ಅಧ್ಯಾಪನದಲ್ಲಿ ನಾನು ಎಷ್ಟು ಉತ್ತರಪತ್ರಿಕೆಗಳಲ್ಲಿ ಓದಿರುವೆನೋ ಲೆಕ್ಕವಿಲ್ಲ. ತ್ಯಾಗವನ್ನು ಕುರಿತು ಬರೆಯಬೇಕಾದಾಗಲೆಲ್ಲ ವಿದ್ಯಾರ್ಥಿಗಳಿಗೆ ಅದು ಒದಗುತ್ತಿತ್ತು. ನಾನೂ ತಲೆದೂಗಿ ಅಂಕ ಕೊಡುತ್ತಿದ್ದೆ. ಬೀಳ್ಕೊಡುಗೆಯ ಸಭೆಗಳಲ್ಲಿ ಸ್ವತಃ ನಾನೇ ಆ ಮಾತನ್ನು ಆಡಿರುವುದುಂಟು. ಅದು ಅರ್ಧ ಮಾತ್ರ ನಿಜವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ನಮ್ಮ ಮನೆಯ ಅಡುಗೆಮನೆಯಲ್ಲಿ. ಕರಗಿ ಹೊರಕ್ಕೆ ಸುರಿದುಹೋದ ಮೇಣ ಯಾರಿಗೂ ಬೆಳಕನ್ನು ಕೊಡುವುದಿಲ್ಲ. ಕರಗಿದ ಮೇಣ ಬತ್ತಿಯನ್ನೇರಿ, ಆವಿಯಾಗಿ, ಆ ಆವಿ ಉರಿದಾಗ ಮಾತ್ರ ಬೆಳಕು. ಕರಗುವುದಕ್ಕೂ ಉರಿಯುವುದಕ್ಕೂ ನಡುವೆ ಒಂದು ಹದವಿದೆ. ಈ ಹೊತ್ತು ಆ ಹದವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಪ್ರಸಂಗ ಹೀಗೆ ಒದಗಿತು. ನಮ್ಮ ಸೊಸೆ ಕೂಸಿನ ಸಲುವಾಗಿ ಉದ್ಯೋಗವನ್ನು ಬಿಟ್ಟು ಮನೆಯಲ್ಲಿದ್ದಳು. ಗಾಜಿನ ಲೋಟಗಳಲ್ಲಿ ಮೇಣವನ್ನು ಎರೆದು, ಪರಿಮಳದ ಎಣ್ಣೆಯನ್ನು ಬೆರೆಸಿ, ದೀಪಾವಳಿಯ ಹೊತ್ತಿಗೆ ಮಾರಬೇಕೆಂದು ಹೊರಟಳು. ನೋಡಲು ಅಂದವಾಗಿದ್ದುವು. ಪರಿಚಯದವರಿಂದ ಇಪ್ಪತ್ತು ಲೋಟಗಳಿಗೆ ಮುಂಗಡವೂ ಬಂದಿತು. ಒಂದು ಸಂಜೆ ಅವುಗಳಲ್ಲೊಂದನ್ನು ನಡುಮನೆಯ ಟೀಪಾಯಿಯ ಮೇಲೆ ಹಚ್ಚಿಟ್ಟು ಎಲ್ಲರೂ ಊಟಕ್ಕೆ ಕುಳಿತೆವು. ಟಣ್ ಎಂಬ ಸದ್ದು ಕೇಳಿ ಎದ್ದು ಬಂದು ನೋಡುವಾಗ ಲೋಟ ಬುಡದಿಂದ ಸೀಳಿಹೋಗಿತ್ತು. ಕಾದ ಮೇಣ ಟೀಪಾಯಿಯ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೂಸು ಮಲಗಿದ್ದ ಚಾಪೆ ಅಲ್ಲಿಂದ ನಾಲ್ಕು ಮಾರು ದೂರದಲ್ಲಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಸೊಸೆ ನನ್ನೆದುರಿಗೆ ನಿಂತು, "ಮಾವ, ಇದೇ ಇನ್ನೊಬ್ಬರ ಮನೆಯಲ್ಲಿ ಆಗಿದ್ದರೆ?" ಎಂದಳು. ಮರುದಿನ ಇಪ್ಪತ್ತು ಮನೆಗಳವರಿಗೂ ಮುಂಗಡವನ್ನು ಹಿಂದಿರುಗಿಸಿದಳು. ಆಮೇಲೆ ಮೊದಲಿನಿಂದ ಆರಂಭಿಸಿದಳು. ನನಗೆ ಒಪ್ಪಿಸಿದ ಕೆಲಸ ಲೆಕ್ಕದ ಪುಸ್ತಕವನ್ನು ಬರೆಯುವುದು.

ಕನ್ನಡದಲ್ಲಿ ಈ ವಸ್ತುವಿಗೆ ನಾವಿಟ್ಟಿರುವ ಹೆಸರೇ ವಿಚಾರ ಮಾಡತಕ್ಕದ್ದು. ಹಣತೆಯಲ್ಲಿ ಎಣ್ಣೆ ಬೇರೆ, ಬತ್ತಿ ಬೇರೆ. ಇಲ್ಲಿಯಾದರೋ ಇಡೀ ವಸ್ತುವನ್ನೇ ಮೇಣದ 'ಬತ್ತಿ' ಎಂದು ಕರೆದಿದ್ದೇವೆ. ಸಂಸ್ಕೃತದ 'ವರ್ತಿ'ಯ ತದ್ಭವವಾದ ಈ ಪುಟ್ಟ ಮಾತು, ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇರದ ನೂಲಿನ ಹೆಸರನ್ನು ಮಿಕ್ಕೆಲ್ಲದಕ್ಕೂ ಕೊಟ್ಟಿದೆ. ಹೆಸರಿಟ್ಟವರು ತಿಳಿದೇ ಇಟ್ಟರೋ ಏನೋ. ಪರೀಕ್ಷೆಗೆ ತೊಡಗಿದ ಮೇಲೆ ನಮಗೂ ಮನವರಿಕೆಯಾದದ್ದು ಬತ್ತಿಯ ಯಜಮಾನಿಕೆಯೇ.

ಬತ್ತಿಯ ಕೆಲಸವನ್ನು ಲೋಕಕ್ಕೆ ತಿಳಿಯಾಗಿ ಹೇಳಿದವನು ಮೈಕೇಲ್ ಫ್ಯಾರಡೆ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು ಆತ. ೧೮೬೦ರ ಕ್ರಿಸ್‌ಮಸ್ ಹೊತ್ತಿನಲ್ಲಿ ಅಲ್ಲಿಯ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಆತ ಆರಂಭಿಸಿದ ಆರು ಉಪನ್ಯಾಸಗಳ ವಿಷಯ ಒಂದು ಮೇಣದಬತ್ತಿ. ಮರುವರ್ಷ ಅವು ಪುಸ್ತಕವಾದುವು. ಜ್ವಾಲೆಯ ನಡುವಣ ಕಪ್ಪು ಭಾಗಕ್ಕೆ ಬಾಗಿದ ಗಾಜಿನ ಕೊಳವೆಯೊಂದರ ತುದಿಯನ್ನು ಹಿಡಿದು, ಒಳಗಿನ ಆವಿಯನ್ನು ಹೊರಕ್ಕೆ ತಂದು, ಇನ್ನೊಂದು ತುದಿಯಲ್ಲಿ ಆತ ಅದನ್ನು ಹೊತ್ತಿಸಿ ತೋರಿಸಿದನು. ಉರಿಯುವುದು ಮೇಣದ ಆವಿ. ಅದನ್ನು ಉರಿಯ ಬಳಿಗೆ ಒಯ್ಯುವ ದಾರಿ ಬತ್ತಿ. ಬಟ್ಟೆಯ ಅಂಚನ್ನು ನೀರಿಗೆ ಇಳಿಬಿಟ್ಟರೆ ನೀರು ಎಳೆಗಳ ಸಂದಿನಲ್ಲಿ ತಾನಾಗಿ ಮೇಲೇರುವುದಿಲ್ಲವೇ, ಹಾಗೆ ಕರಗಿದ ಮೇಣ ನೂಲಿನ ಸಂದುಗಳಲ್ಲಿ ಏರುತ್ತದೆ. ದಾರಿ ಕಿರಿದಾದರೆ ಉರಿಗೆ ಉಪವಾಸ. ತೀರ ಅಗಲವಾದರೆ ಅಜೀರ್ಣ. ಉರಿಯಲಾರದೆ ಉಳಿದ ಇಂಗಾಲದ ಕಣಗಳೇ ಮಸಿಯಾಗಿ ಮೇಲೇಳುತ್ತವೆ.

ಇದನ್ನೆಲ್ಲ ನಾನು ಓದಿ ಹೇಳುತ್ತಿರುವಾಗ ನನ್ನ ಶ್ರೀಮತಿ, "ಬತ್ತಿ ದಪ್ಪವಾದರೆ ಎಣ್ಣೆ ಕುಡಿಯುತ್ತೆ, ಗೋಡೆಗೆ ಮಸಿ ಹಿಡಿಸುತ್ತೆ. ಇದಕ್ಕೆ ಪುಸ್ತಕ ಬೇರೆ ಬೇಕೇ?" ಎಂದಳು. ನಲವತ್ತು ವರ್ಷ ದೇವರ ದೀಪಕ್ಕೆ ಬತ್ತಿ ಹೊಸೆದ ಕೈಯ ಮಾತು ಅದು.

ಈಗ ಮೇಣದ ವಿಚಾರ. ಯೂರೋಪಿನ ಬಡವರ ಮನೆಗಳಲ್ಲಿ ಬಹುಕಾಲ ಉರಿದದ್ದು ದನ, ಕುರಿಗಳ ಕೊಬ್ಬಿನ ಬತ್ತಿ; ಜೇನುಮೇಣ ಇಗರ್ಜಿಗಳಿಗೆ ಮತ್ತು ಸಿರಿವಂತರಿಗೆ ಮಾತ್ರ. ಕೊಬ್ಬಿನ ಬತ್ತಿ ಹೊಗೆಯುಗುಳುತ್ತಿತ್ತು, ಮೂಗು ಕೊರೆಯುವಂತೆ ನಾರುತ್ತಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ ಕೊಬ್ಬಿನೊಳಗೆ ಗ್ಲಿಸರಿನ್ ಮತ್ತು ಕೊಬ್ಬಿನ ಆಮ್ಲಗಳು ಕೂಡಿಕೊಂಡಿರುವುದನ್ನು ಕಂಡುಹಿಡಿದನು. ಆ ದುರ್ವಾಸನೆಗೆ ಮುಖ್ಯ ಕಾರಣ ಗ್ಲಿಸರಿನ್. ಅದನ್ನು ಬೇರ್ಪಡಿಸಿ, ಗಟ್ಟಿಯಾದ ಸ್ಟಿಯರಿಕ್ ಆಮ್ಲದಿಂದ ಬತ್ತಿ ಮಾಡುವ ವಿಧಾನಕ್ಕೆ ೧೮೨೫ರಲ್ಲಿ ಆತನೂ ಗೇ-ಲ್ಯೂಸಾಕನೂ ಹಕ್ಕುಪತ್ರ ಪಡೆದರು. ೧೮೫೦ರ ಅನಂತರ ಪ್ಯಾರಾಫಿನ್ ಬಂದು ಬತ್ತಿ ಅಗ್ಗವಾಯಿತು. ಸೋಯಾ ಅವರೆಯ ಎಣ್ಣೆಯಿಂದ ಮಾಡಿದ ಮೇಣ ೧೯೯೦ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು. ವಿನೋದವೆಂದರೆ, ಬತ್ತಿಯ ವಾಸನೆಯನ್ನು ಹೋಗಲಾಡಿಸಲು ಹಿಂದಿನವರು ಅಷ್ಟು ಶ್ರಮಿಸಿದರು. ನಾವು ಅದಕ್ಕೆ ವಾಸನೆಯನ್ನು ಸೇರಿಸಲು ಅಷ್ಟೇ ಶ್ರಮಿಸುತ್ತಿದ್ದೇವೆ.

ನಮ್ಮ ಅಡುಗೆಮನೆಯಲ್ಲಿ ಮೂರು ಬಗೆಯ ಮೇಣಗಳನ್ನು ತಂದು ನೋಡಿದೆವು. ಜೇನುಮೇಣ ೬೨ರಿಂದ ೬೪ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗಟ್ಟಿ ಜಾತಿ, ದಪ್ಪ ಬತ್ತಿಯನ್ನು ಬೇಡುತ್ತದೆ, ತನ್ನದೇ ಜೇನಿನ ಪರಿಮಳವಿರುವುದರಿಂದ ಬೇರೆ ಪರಿಮಳವನ್ನು ಮುಂದೆ ಬರಗೊಡುವುದಿಲ್ಲ. ಪ್ಯಾರಾಫಿನ್ನಿನಲ್ಲಿ ಸುಮಾರು ೪೬ರಿಂದ ೬೮ ಡಿಗ್ರಿಯವರೆಗೆ ಕರಗುವ ಹಲವು ದರ್ಜೆಗಳುಂಟು. ಅದು ಪರಿಮಳವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಬತ್ತಿ ಹೊಂದದಿದ್ದರೆ ಬೇಗ ಮಸಿ ಕಾರುತ್ತದೆ. ಲೋಟಗಳಿಗೆಂದು ಮಾರುವ ಸೋಯಾ ಮೇಣ ಮೃದು. ೫೦ ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಮೇಲ್ಮೈಯಲ್ಲಿ ಹಿಟ್ಟು ಚೆಲ್ಲಿದಂತೆ ಬಿಳುಪು ಕಾಣಿಸಿಕೊಳ್ಳುವುದುಂಟು. ಅದು ದೋಷವಲ್ಲ, ಅದರ ಸ್ವಭಾವ. ಎರೆದ ಮೇಲೆ ಒಂದೆರಡು ವಾರ ಹಾಗೆಯೇ ಬಿಟ್ಟರೆ ಪರಿಮಳ ಅದರಲ್ಲಿ ನೆಲೆಗೊಳ್ಳುತ್ತದೆ. ಉಪ್ಪಿನಕಾಯಿಯನ್ನು ಹಾಕಿದ ದಿನವೇ ರುಚಿ ನೋಡಬಾರದಲ್ಲವೇ? ಕೊನೆಗೆ ಸೊಸೆ ಸೋಯಾ ಮೇಣವನ್ನೇ ಆರಿಸಿಕೊಂಡಳು.

ಮೇಣವನ್ನು ನೇರವಾಗಿ ಒಲೆಯ ಮೇಲಿಟ್ಟು ಕಾಯಿಸಲಾಗದು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಮೇಣದ ಪಾತ್ರೆಯನ್ನು ಇಡಬೇಕು. ಆಗ ಮೇಣದ ಬಿಸಿ ನೀರಿನ ಕುದಿಯನ್ನು ಮೀರದು. ಅಕಸ್ಮಾತ್ ಮೇಣಕ್ಕೆ ಬೆಂಕಿ ಹೊತ್ತಿದರೆ ನೀರನ್ನು ಮಾತ್ರ ಚೆಲ್ಲಕೂಡದು. ನೀರು ಒಮ್ಮೆಲೇ ಹಬೆಯಾಗಿ ಉರಿಯುವ ಮೇಣವನ್ನು ಎತ್ತಿ ಎರಚುತ್ತದೆ. ಒಲೆಯನ್ನು ಆರಿಸಿ ಮುಚ್ಚಳವನ್ನು ಮುಚ್ಚುವುದೇ ಸರಿ.

ಇನ್ನು ಪರೀಕ್ಷೆ. ಹಳೆಯ ಓಲೆಗರಿಗಳಿಂದ ಕಾವ್ಯವನ್ನು ಸಂಪಾದಿಸುವವನು ಒಂದು ಪ್ರತಿಯ ಪಾಠವನ್ನು ಇನ್ನೊಂದರೊಡನೆ ಕಲಸಿದರೆ ಯಾವುದು ಎಲ್ಲಿಂದ ಬಂದಿತೆಂಬುದೇ ತಿಳಿಯದು. ಇಲ್ಲಿಯೂ ಅದೇ ಶಿಸ್ತು: ಒಂದು ಸಲಕ್ಕೆ ಒಂದೇ ಬದಲಾವಣೆ. ಲೋಟ, ಮೇಣ, ಪರಿಮಳದ ಪ್ರಮಾಣ ಎಲ್ಲವೂ ಒಂದೇ. ಬತ್ತಿ ಮಾತ್ರ ಮೂರು ದಪ್ಪದ್ದು. ಲೋಟದ ಬಾಯಿ ೭ ಸೆಂಟಿಮೀಟರು. ಬಾಯಿಯ ಅಗಲ ಎರಡೂವರೆ ಸೆಂಟಿಮೀಟರಿಗೆ ಒಂದು ಗಂಟೆಯಂತೆ ಉರಿಸಿ ನೋಡಬೇಕೆಂಬುದು ಈ ಕಸುಬಿನವರ ರೂಢಿ. ನಮ್ಮ ಲೋಟಕ್ಕೆ ಸುಮಾರು ಮೂರು ಗಂಟೆ. ಹಚ್ಚುವ ಮುನ್ನ ಬತ್ತಿಯನ್ನು ೬ ಮಿಲಿಮೀಟರಿಗೆ ಕತ್ತರಿಸಬೇಕು.

ತೆಳುವಾದ ಬತ್ತಿ ಮೂರು ಗಂಟೆಯಾದರೂ ನಡುವೆ ಒಂದು ಬಾವಿಯನ್ನು ಮಾತ್ರ ತೋಡಿತು; ಸುತ್ತಲೂ ಮೇಣದ ಗೋಡೆ ಹಾಗೆಯೇ ನಿಂತಿತು. ಕೊನೆಗೆ ತಾನು ಕರಗಿಸಿದ ಮೇಣದಲ್ಲಿ ತಾನೇ ಮುಳುಗಿ ಆರಿತು. ದಪ್ಪ ಬತ್ತಿ ಒಂದೇ ಗಂಟೆಯಲ್ಲಿ ಅಂಚನ್ನು ಮುಟ್ಟಿತು. ಅದರ ತುದಿಯಲ್ಲಿ ಅಣಬೆಯಂತೆ ಕಿಟ್ಟ ಕಟ್ಟಿತು, ಜ್ವಾಲೆ ಕುಣಿಯಿತು, ಲೋಟದ ಅಂಚು ಕಪ್ಪಾಯಿತು, ಗಾಜನ್ನು ಮುಟ್ಟಲಾಗಲಿಲ್ಲ. ನಮ್ಮ ಟೀಪಾಯಿಯ ಮೇಲೆ ಸೀಳಿಹೋದದ್ದು ಇಂಥ ಬತ್ತಿಯ ಲೋಟವೇ. ನೀರು ಕುಡಿಯುವ ತೆಳು ಗಾಜು ಆ ಕಾವನ್ನು ತಾಳಲಿಲ್ಲ. ನಡುವಣ ಬತ್ತಿ ಮೂರನೆಯ ಗಂಟೆಗೆ ಮೆಲ್ಲನೆ ಅಂಚನ್ನು ತಲುಪಿತು, ಕರಗಿದ ಮೇಣ ಒಂದು ಸೆಂಟಿಮೀಟರಿನಷ್ಟು ಆಳ, ಜ್ವಾಲೆ ನಿಶ್ಚಲ.

ಅಲ್ಲಿಗೂ ಮುಗಿಯಲಿಲ್ಲ. ಮೊದಲ ದಿನ ಸರಿಯಾಗಿ ಉರಿದ ಬತ್ತಿ, ಲೋಟದ ಬುಡಕ್ಕಿಳಿದಾಗ ಹೆಚ್ಚು ಕಾವೇರುವುದುಂಟು, ಆಳದಲ್ಲಿ ಗಾಜಿನ ಗೋಡೆ ಬಿಸಿಯನ್ನು ಹಿಡಿದಿಡುವುದರಿಂದ. ಆದುದರಿಂದ ಒಂದು ಲೋಟವನ್ನು ದಿನಕ್ಕೆ ಮೂರು ಗಂಟೆಯಂತೆ, ಪ್ರತಿಸಲವೂ ಪೂರ್ತಿ ತಣಿಯಬಿಟ್ಟು, ತಳದಲ್ಲಿ ಒಂದು ಸೆಂಟಿಮೀಟರು ಮೇಣ ಉಳಿಯುವವರೆಗೂ ಉರಿಸಬೇಕು. ನಮಗೆ ಒಂದೊಂದು ಲೋಟಕ್ಕೂ ಹನ್ನೊಂದು ಹನ್ನೆರಡು ದಿನ ಹಿಡಿಯಿತು. ಬೇಸರದ ಕೆಲಸ. ಆದರೆ ಕೊಂಡವರು ಕೊನೆಯವರೆಗೂ ಉರಿಸುವರಲ್ಲವೇ? ಮೊದಲ ದಿನವನ್ನು ಮಾತ್ರ ನೋಡಿದವನಿಗೆ ಅವರ ಹನ್ನೆರಡನೆಯ ರಾತ್ರಿ ತಿಳಿಯದು.

ಪರಿಮಳದಲ್ಲಿ ನಾವು ಮಾಡಿದ ತಪ್ಪು ಹೆಚ್ಚು ಬೋಧಪ್ರದವಾದುದು. ಮೊದಲ ಲೋಟಗಳಲ್ಲಿ ವಾಸನೆ ಸಾಲದೆಂದು ಸೊಸೆ ೧೦೦ ಗ್ರಾಂ ಮೇಣಕ್ಕೆ ೪ ಗ್ರಾಂ ಇದ್ದ ಎಣ್ಣೆಯನ್ನು ೬ಕ್ಕೆ, ಆಮೇಲೆ ೧೦ಕ್ಕೆ ಏರಿಸಿದಳು. ಹತ್ತರಲ್ಲಿ ಮೇಣ ಬೆವರಿತು. ಮೇಲ್ಮೈಯಲ್ಲಿ ಎಣ್ಣೆಯ ಹನಿಗಳು ನಿಂತುವು, ಜ್ವಾಲೆ ಚಟಪಟಗುಟ್ಟಿತು. ವಾಸನೆ ಮಾತ್ರ ಹೆಚ್ಚಲಿಲ್ಲ. ಕಾರಣವನ್ನು ಲೆಕ್ಕದ ಪುಸ್ತಕ ಹೇಳಿತು. ಜ್ವಾಲೆಯೊಳಕ್ಕೆ ಹೋದ ಪರಿಮಳ ಉರಿದುಹೋಗುತ್ತದೆ. ಕೋಣೆಯಲ್ಲಿ ಹರಡುವುದು ಬತ್ತಿಯ ಸುತ್ತ ಕರಗಿ ನಿಂತ ಮೇಣದ ಮೇಲ್ಮೈಯಿಂದ ಏಳುವ ಆವಿ. ಆ ಕೊಳ ಕಿರಿದಾದರೆ ಎಣ್ಣೆಯನ್ನು ಎಷ್ಟು ಸುರಿದರೂ ವ್ಯರ್ಥ. ವಾಸನೆ ಸಾಲದ ಲೋಟಗಳಲ್ಲೆಲ್ಲ ಇದ್ದದ್ದು ತೆಳು ಬತ್ತಿ! ಬತ್ತಿಯನ್ನು ಸರಿಪಡಿಸಿದಾಗ ೬ ಗ್ರಾಮೇ ಸಾಕಾಯಿತು.

ಎಲ್ಲ ಪರಿಮಳಗಳೂ ಒಂದೇ ಅಳತೆಗೆ ಒಗ್ಗುವುದಿಲ್ಲ. ನಿಂಬೆಯ ಎಣ್ಣೆ ಹಗುರ. ಬಿಸಿ ಮೇಣಕ್ಕೆ ಬೆರೆಸುವಾಗಲೇ ಅರ್ಧ ಹಾರಿಹೋಗಿ, ನಮಗಿಂತ ಮೊದಲು ನೆರೆಮನೆಯವರಿಗೆ ತಲುಪುತ್ತದೆ. ಶ್ರೀಗಂಧದ ಎಣ್ಣೆ ಭಾರ. ನಿಧಾನವಾಗಿ ಏಳುತ್ತದೆ, ನಿಧಾನವಾಗಿ ಹೋಗುತ್ತದೆ. ಅದರ ಬೆಲೆಯೂ ಭಾರವಾದ್ದರಿಂದ ನಾವು ಒಮ್ಮೆ ಮಾತ್ರ ಅದನ್ನು ಬಳಸಿದೆವು. ವೆನಿಲ್ಲಾ ಬಿಳಿಯ ಮೇಣವನ್ನು ಕಂದಿಸುತ್ತದೆ. ಮಲ್ಲಿಗೆಯ ಆಸೆಯಿಂದ ಶ್ರೀಮತಿ ಹೂಗಳನ್ನೇ ಮೇಣದಲ್ಲಿ ಹಾಕಿಸಿದಳು. ಎರಡು ದಿನಗಳಲ್ಲಿ ಅವು ಕಂದಿದುವು. ಒಣಗಿದ ಎಸಳು ಜ್ವಾಲೆಯ ಬಳಿ ತೇಲಿಬಂದು ತಾನೇ ಎರಡನೆಯ ಬತ್ತಿಯಾಗಿ ಹೊತ್ತಿಕೊಂಡಿತು. ಅಂದಿನಿಂದ ಹೂವು ಹೊರಗೆ. ಅಡುಗೆಗೆ ಬಳಸುವ ನೀರು ಬೆರೆತ ಎಸೆನ್ಸು ಮೇಣದೊಡನೆ ಕೂಡುವುದೇ ಇಲ್ಲ.

ವಾಸನೆಯನ್ನು ಅಳೆಯುವ ಮೂಗೂ ಪರೀಕ್ಷೆಗೆ ಒಳಪಡಬೇಕು. ಅದೇ ಕೋಣೆಯಲ್ಲಿ ಅರ್ಧ ಗಂಟೆ ಕುಳಿತವನ ಮೂಗು ದಣಿದು, ಇರುವ ಪರಿಮಳವನ್ನೂ ಇಲ್ಲವೆನ್ನುತ್ತದೆ. ತನ್ನ ಕೃತಿಯನ್ನು ತಾನೇ ಹತ್ತು ಸಲ ಓದಿದ ಲೇಖಕನ ಸ್ಥಿತಿಯೂ ಇದೇ. ಆದುದರಿಂದ ಹೊರಗಿನಿಂದ ಬಂದವರನ್ನು ಕೇಳಬೇಕು. ದೇವಸ್ಥಾನದಿಂದ ಹಿಂದಿರುಗುತ್ತಿದ್ದ ಶ್ರೀಮತಿ ಹೊಸ್ತಿಲಲ್ಲಿ ನಿಂತು ಹೇಳಿದ ಮಾತನ್ನೇ ನಾನು ಪುಸ್ತಕದಲ್ಲಿ ದಾಖಲಿಸುತ್ತಿದ್ದೆ. ಪರಿಮಳವನ್ನು ಬದಲಿಸಿದಾಗಲೆಲ್ಲ ಬತ್ತಿಯನ್ನೂ ಮತ್ತೆ ಪರೀಕ್ಷಿಸಬೇಕಾಯಿತು. ಎಣ್ಣೆಯ ಗುಣ ಬದಲಾದರೆ ಬತ್ತಿ ಹೀರುವ ಬಗೆಯೂ ಬದಲಾಗುತ್ತದೆ.

ಆ ದೀಪಾವಳಿ ಹಾಗೆಯೇ ಕಳೆಯಿತು. ಯುಗಾದಿಯ ಹೊತ್ತಿಗೆ ಕಾವನ್ನು ತಾಳುವ ದಪ್ಪ ಗಾಜಿನಲ್ಲಿ, ಎರಡೇ ಪರಿಮಳಗಳ ಇಪ್ಪತ್ತು ಲೋಟಗಳು ಸಿದ್ಧವಾದುವು. ಪ್ರತಿಯೊಂದಕ್ಕೂ ಸೊಸೆ ಒಂದು ಚೀಟಿಯನ್ನು ಅಂಟಿಸಿದ್ದಳು: ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬೇಡಿ, ಪರದೆಯ ಬಳಿ ಇಡಬೇಡಿ, ಹಚ್ಚಿಟ್ಟು ಕೋಣೆ ಬಿಟ್ಟು ಹೋಗಬೇಡಿ, ಮೇಣ ಒಂದು ಸೆಂಟಿಮೀಟರು ಉಳಿದಾಗ ದೀಪ ಶಾಂತಮಾಡಿ. ಮುಂಗಡ ಹಿಂದೆ ಪಡೆದಿದ್ದವರಲ್ಲಿ ಹದಿನಾಲ್ಕು ಮನೆಗಳವರು ಮತ್ತೆ ಕೊಂಡರು.

ತಾನು ಕರಗಿ ಬೆಳಕು ಕೊಡುವ ಬತ್ತಿಯ ಮಾತನ್ನು ನಾನು ಇನ್ನು ಯಾವ ಸಭೆಯಲ್ಲಿಯೂ ಆಡಲಾರೆ. ಕರಗುವುದೇ ಹಿರಿಮೆಯಾದರೆ ಆ ರಾತ್ರಿ ಟೀಪಾಯಿಯ ಮೇಲೆ ಹರಿದ ಮೇಣವನ್ನೂ ಹೊಗಳಬೇಕಾಗುತ್ತದೆ. ನಾವು ಮಾಡಿದ ವಸ್ತು ನಮ್ಮ ಕಣ್ಮರೆಯಲ್ಲಿ, ನಾವು ಕಾಣದ ಮನೆಯಲ್ಲಿ, ಮಲಗಿದ ಮಗುವಿನ ಸಮೀಪದಲ್ಲಿ ಉರಿಯುತ್ತದೆ. ಅಲ್ಲಿ ಅದು ಹೇಗೆ ನಡೆದುಕೊಳ್ಳುವುದೆಂಬುದನ್ನು ಇಲ್ಲಿ, ನಮ್ಮ ಮನೆಯಲ್ಲಿ, ಕೊನೆಯ ಸೆಂಟಿಮೀಟರಿನವರೆಗೆ ಕುಳಿತು ನೋಡಬೇಕು. ಲೆಕ್ಕದ ಪುಸ್ತಕ ಈಗ ಮೂರನೆಯದು. ಬರೆಯುವ ಕೆಲಸ ಇನ್ನೂ ನನ್ನದೇ.

(ಬಾನುಲಿ ಭಾಷಣ)